ಪಂಪಿನ ಜೊತೆ ಒಂದು ಕಾರ್ಡನ್ನೂ ಕೊಡಿ

ಮಾನ್ಯರೇ,

ದಮ್ಮಿನ ರೋಗಿಗೆ ಪಂಪ್ ಬರೆದುಕೊಟ್ಟು ‘ಉಸಿರು ಕಟ್ಟಿದಾಗ ಎಳೆದುಕೊಳ್ಳಿ’ ಎಂದು ಕಳಿಸಿದರೆ ಚಿಕಿತ್ಸೆ ಅರ್ಧಕ್ಕೇ ನಿಂತಂತೆ. ಉಬ್ಬಸ ಏರಿದರೆ ಏನು ಮಾಡಬೇಕೆಂದು ಬರೆದ ಕಾರ್ಡೂ ಜೊತೆಗಿರಬೇಕು. ಬ್ರಿಟನ್ನಿನಲ್ಲಿ ಆಸ್ತಮಾದಿಂದ ಸತ್ತ 195 ಮಂದಿಯ ದಾಖಲೆ ಜಾಲಾಡಿದ ರಾಷ್ಟ್ರೀಯ ವರದಿ 2014ರಲ್ಲಿ ಬಂತು. ಉಬ್ಬಸ ಏರಿದರೆ ಏನು ಮಾಡಬೇಕೆಂದು ಬರೆದುಕೊಟ್ಟ ದಾಖಲೆ ಇದ್ದದ್ದು ಅವರಲ್ಲಿ ಶೇ 23 ಮಂದಿಗೆ ಮಾತ್ರ. ಲೆಕ್ಕ ಸಿಕ್ಕ 165 ಮಂದಿಯಲ್ಲಿ 65 ಜನರಿಗೆ ಒಂದೇ ವರ್ಷದಲ್ಲಿ 12ಕ್ಕಿಂತ ಹೆಚ್ಚು ಸಾಲ್ಬುಟಮಾಲ್ (ಉಸಿರು ಕಟ್ಟಿದಾಗ ತಕ್ಷಣ ಸಡಿಲಿಸುವ ಮದ್ದು) ಪಂಪ್ ಬರೆದುಕೊಡಲಾಗಿತ್ತು. ಒಂದು ಪಂಪಿನಲ್ಲಿ 200 ಬಾರಿಯ ಮದ್ದು. ಅಂದರೆ ದಿನಕ್ಕೆ ಆರಕ್ಕೂ ಮೇಲೆ. ನಿಜಕ್ಕೆ, ವರ್ಷಕ್ಕೆ ಮೂರು ಖಾಲಿಯಾದರೇ ಎಚ್ಚರಿಕೆಯ ಗಂಟೆ. ನಮ್ಮಲ್ಲಿ ಹಳೇ ಚೀಟಿ ತೋರಿಸಿದರೆ ಮೆಡಿಕಲ್ ಶಾಪಿನಲ್ಲಿ ಕೊಟ್ಟುಬಿಡುತ್ತಾರೆ, ಲೆಕ್ಕ ಇಡುವವರೇ ಇಲ್ಲ.

ಸಾಲ್ಬುಟಮಾಲ್ ಬಿಗಿದ ಉಸಿರ್ನಾಳವನ್ನು ಸಡಿಲಿಸುತ್ತದೆಯೇ ಹೊರತು ಒಳಗಿನ ಊತ ಇಳಿಸುವುದಿಲ್ಲ. ಊತಕ್ಕೆ ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಬೇಕು. ಆದರೆ ಎಳೆದ ಕೂಡಲೇ ಅದರಿಂದ ಹಾಯೆನಿಸದ ಕಾರಣ ಜನ ಮೊದಲು ಬಿಡುವುದು ಅದನ್ನೇ. ಮೃಗಶಿರಾ ಮಳೆಯ ದಿನ ಹೈದರಾಬಾದಿನ ಮೀನಿನ ಮದ್ದಿಗೆ ಹೋಗುವವರಿಗೂ ನಮ್ಮ ಮಾತು ಇಷ್ಟೇ: ಹೋಗಿ, ಸ್ಟೀರಾಯ್ಡ್ ಪಂಪ್ ಮಾತ್ರ ನಿಲ್ಲಿಸಬೇಡಿ.

ಇನ್ನು ಎಳೆದುಕೊಳ್ಳುವ ಕ್ರಮ. ಪಂಪನ್ನು ಕುಲುಕಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ಒತ್ತುತ್ತಲೇ ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿದಿಡಬೇಕು. ಸಾಧನದಲ್ಲಿಟ್ಟು ಎಳೆಯುವ, ಪುಡಿ ತುಂಬಿದ ರೋಟಾಕ್ಯಾಪ್ ಕ್ಯಾಪ್ಸೂಲಿಗೆ ಇದರ ತದ್ವಿರುದ್ಧ: ಜೋರಾಗಿ, ಆಳವಾಗಿ ಎಳೆಯಬೇಕು. ಈ ಎರಡನ್ನೂ ಅದಲುಬದಲು ಮಾಡಿದರೆ ಮದ್ದು ಗಂಟಲಲ್ಲೇ ಉಳಿಯುತ್ತದೆ. ಪುಡಿ ಎಳೆಯುವ ಸಾಧನವನ್ನು ತೊಳೆದು ಒದ್ದೆಯಲ್ಲೇ ಬಳಸಿದರೂ, ಅದರೊಳಕ್ಕೆ ಊದಿದರೂ ಪುಡಿ ಅಂಟಿಕೊಳ್ಳುತ್ತದೆ. ಕ್ಯಾಪ್ಸೂಲನ್ನು ನುಂಗುವವರೂ ಇದ್ದಾರೆ. ಯಾರೂ ಮಾಡಿ ತೋರಿಸದಿದ್ದರೆ ಅದು ಅವರ ತಪ್ಪಲ್ಲ. ಸ್ಪೇಸರನ್ನು (ಪಂಪಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಬಟ್ಟೆಯಲ್ಲಿ ಒರೆಸಬಾರದು. ಉಜ್ಜಿದ ಪ್ಲಾಸ್ಟಿಕ್ಕಿನ ವಿದ್ಯುದಂಶ ಮದ್ದನ್ನು ಗೋಡೆಗೇ ಸೆಳೆದುಕೊಳ್ಳುತ್ತದೆ. ಸೋಪಿನ ನೀರಲ್ಲಿ ಅದ್ದಿ, ಹಾಗೇ ಒಣಗಲು ಬಿಡಿ. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಬರುತ್ತದೆ.

ಗರ್ಭಿಣಿಯರಿಗೆ ತಾಯಿ ಕಾರ್ಡ್ ಇದ್ದಂತೆ ದಮ್ಮಿಗೂ ಒಂದು ಕಾರ್ಡ್ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಗಬೇಕು. ಹೊರಬಿಡುವ ಉಸಿರಿನ ರಭಸ ಅಳೆಯುವ ಪೀಕ್ ಫ್ಲೋ ಮೀಟರನ್ನು ಮೂರು ಸಲ ಊದಿಸಿ, ಹೆಚ್ಚಿನ ಅಂಕಿ ಬರೆದುಕೊಳ್ಳಬೇಕು. ಚೆನ್ನಾಗಿರುವಾಗ ಒಬ್ಬರ ಗರಿಷ್ಠ 400 ಎನ್ನಿ: 320ರ ಮೇಲೆ ಹಸಿರು, 200ರಿಂದ 320 ಹಳದಿ, ವೈದ್ಯರು ಬರೆದಷ್ಟು ಮದ್ದು ಹೆಚ್ಚಿಸಬೇಕು, 200ಕ್ಕಿಂತ ಇಳಿದರೆ ಅಥವಾ ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ ಕೆಂಪು. ಆಗ ಸ್ಪೇಸರಿನಲ್ಲಿ ಸಾಲ್ಬುಟಮಾಲ್ ಒಂದೊಂದಾಗಿ ನಾಲ್ಕು ಸಲ ಎಳೆದು ಆಸ್ಪತ್ರೆಗೆ ಹೊರಡಬೇಕು. ಮೀಟರ್ ಇಲ್ಲದವರಿಗೆ ರಾತ್ರಿಯ ಕೆಮ್ಮು, ಮೆಟ್ಟಿಲು ಹತ್ತುವಾಗಿನ ಏದುಸಿರು ಬರೆದರೂ ನಡೆಯುತ್ತದೆ.

ಆದರೆ ಕಾರ್ಡ್ ಅಚ್ಚು ಹಾಕಿಸಿ ಹಂಚಿದರೆ ಸಾಲದು. ರೋಗಿಗೆ ಕಲಿಸುವುದು, ಸಿಬ್ಬಂದಿಗೆ ತರಬೇತಿ, ಮರುಭೇಟಿಗೆ ಕರೆಯುವ ವ್ಯವಸ್ಥೆ, ಈ ಮೂರೂ ಒಟ್ಟಿಗೆ ನಡೆದರೇ ಫಲ ಎಂಬುದು ಸಂಶೋಧನೆಗಳ ಸಾರ. ಬಿಪಿ, ಶುಗರ್ ರೋಗಿಗಳ ಹಾಗೆ ದಮ್ಮಿನವರ ಪಟ್ಟಿಯೂ ಇರಲಿ. ಪ್ರತಿ ಭೇಟಿಯಲ್ಲೂ ‘ಎಳೆದು ತೋರಿಸಿ’ ಎಂದು ಕೇಳುವ ಕೆಲಸ ನರ್ಸ್ ಅಥವಾ ಫಾರ್ಮಸಿಸ್ಟ್‌ಗೆ ವಹಿಸಲಿ. ಕಾರ್ಡಿನ ಹಿಂಬದಿಯಲ್ಲಿ ಪಂಪ್ ತೆರೆದ ತಾರೀಕು ಬರೆಯಲು ಜಾಗವೂ ಇರಲಿ. ಏಕೆಂದರೆ ಎಣಿಕೆ ತೋರಿಸದ ಪಂಪನ್ನು ನೀರಿಗೆ ಹಾಕಿ, ತೇಲಿದರೆ ಖಾಲಿ ಎಂದು ನೋಡುವ ಪದ್ಧತಿಯನ್ನು ನಂಬುವಂತಿಲ್ಲ.

— ಇಬ್ಬರು ವೈದ್ಯರು ಮತ್ತು ಒಬ್ಬ ಫಾರ್ಮಸಿಸ್ಟ್, ಧಾರವಾಡ