ಹತ್ತು ನಿಮಿಷದ ಕೆಲಸಕ್ಕೆ ಐದು ದಿನ

ಸಂಪಾದಕರಿಗೆ ನಮಸ್ಕಾರ.

ಕಳೆದ ದೀಪಾವಳಿಯ ಹೊತ್ತಿಗೆ ನಿಮ್ಮ ತಂತ್ರಜ್ಞಾನದ ಪುಟದಲ್ಲಿ, ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿಕೊಳ್ಳುವುದು ಹತ್ತೇ ನಿಮಿಷದ ಕೆಲಸ ಅಂತ ಒಂದು ಲೇಖನ ಬಂದಿತ್ತು. ಅದನ್ನು ಕತ್ತರಿಸಿ ಪಕ್ಕದಲ್ಲಿಟ್ಟುಕೊಂಡೇ ನಾನು ಕೂತೆ. ಐದು ದಿನ ಹಿಡಿಯಿತು. ಬರೆದವರ ಮೇಲೆ ಸಿಟ್ಟಿಲ್ಲ, ಅದರಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ. ಆದರೆ ಅದು ಅಡುಗೆ ಬರುವವರು ಅಡುಗೆ ಬರುವವರಿಗೇ ಬರೆದುಕೊಟ್ಟ ಚೀಟಿಯ ಹಾಗಿತ್ತು. ಹದಕ್ಕೆ ಬಂದಾಗ ಇಳಿಸಿ ಅಂತ ಬರೆದಿರುತ್ತಾರಲ್ಲ, ಆ ಥರ. ಹದ ಯಾವುದು ಅಂತ ಗೊತ್ತಿಲ್ಲದವಳು ತಳ ಹಿಡಿಸುತ್ತಾಳೆ. ನಾನೂ ಹಿಡಿಸಿದೆ.

ನಾನು ಸಾಗರದವಳು, ವಯಸ್ಸು 53. ಕಂಪ್ಯೂಟರ್ ಕಲಿತದ್ದು ಮಗಳಿಂದ. ಈ ಲ್ಯಾಪ್‌ಟಾಪ್ 2017ರಲ್ಲಿ ಅವಳ ಕಾಲೇಜಿಗೆ ಅಂತ ಕೊಂಡದ್ದು. ಅವಳು ಕೆಲಸ ಸಿಕ್ಕಿ ಪುಣೆಗೆ ಹೋದ ಮೇಲೆ ನನ್ನ ಪಾಲಿಗೆ ಬಂತು. ನಮ್ಮ ಮಹಿಳಾ ಸಮಾಜದ ನಡಾವಳಿ, ಜಮಾ ಖರ್ಚು, ಮನೆಯ ಲೆಕ್ಕ, ನಮ್ಮತ್ತೆ ಹೇಳುತ್ತಿದ್ದ ಹಸೆ ಹಾಡುಗಳು, ಎಲ್ಲವನ್ನೂ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದೆ.

ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಮುಗಿಯಿತು ಅಂದರೆ ಮರುದಿನ ಲ್ಯಾಪ್‌ಟಾಪ್ ನಿಂತು ಹೋಗುತ್ತದೆ ಅಂತಲ್ಲ, ಸುರಕ್ಷತೆಯ ಅಪ್‌ಡೇಟ್ ಬರುವುದು ನಿಲ್ಲುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಪರದೆಯ ಮೇಲೆ ದಿನಾ ಎಚ್ಚರಿಕೆ ಬರುತ್ತಿತ್ತು, ಅದರ ಜೊತೆಗೆ ನಿಮ್ಮ ಲೇಖನ. ನನಗೆ ಗಾಬರಿ.

ಮೈಕ್ರೋಸಾಫ್ಟ್ ಕಂಪನಿಯ ತಪಾಸಣೆಯ ಆ್ಯಪ್ ಹಾಕಿ ನೋಡಿದರೆ ನಮ್ಮ ಲ್ಯಾಪ್‌ಟಾಪ್ ನಪಾಸು. ಬೇಕಾದ್ದು 4 ಜಿಬಿ ರ್‍ಯಾಮ್, ಅದು ಇದೆ. 64 ಜಿಬಿ ಜಾಗ, ಅದರ ಹತ್ತು ಪಾಲು ಇದೆ. ಆದರೆ ಪ್ರೊಸೆಸರ್ ಎದುರು ಕೆಂಪು ಗುರುತು. ಮಗಳು ಫೋನಿನಲ್ಲಿ ಬಿಡಿಸಿ ಹೇಳಿದಳು. ಐ3 ಅಂತ ಬರೆದ ಮುಂದೆ 6006 ಅಂತ ಇದೆಯಲ್ಲ, ಆ ಮೊದಲ 6 ಅಂದರೆ ಆರನೇ ತಲೆಮಾರು. ವಿಂಡೋಸ್ 11 ಕೇಳುವುದು ಎಂಟನೆಯದು ಅಥವಾ ಅದಕ್ಕಿಂತ ಹೊಸದು. ಅಂದರೆ 2017ರ ಕೊನೆಯ ಹೊತ್ತಿಗೆ ಬರಲು ಶುರುವಾದವು. ನಾವು ಅದೇ ವರ್ಷ ಜೂನ್‌ನಲ್ಲಿ ಕೊಂಡಿದ್ದೆವು! ಆರು ತಿಂಗಳು ತಡೆದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲವೇನೋ.

ನಿಮ್ಮ ಲೇಖನ ಹೇಳಿದ್ದು ಇಷ್ಟು. ಫೈಲ್ ಡೌನ್‌ಲೋಡ್ ಮಾಡಿ, ರೂಫಸ್ ಎಂಬ ಉಚಿತ ಸಾಧನದಿಂದ ಪೆನ್‌ಡ್ರೈವ್‌ಗೆ ಹಾಕಿ, ತಪಾಸಣೆ ತೆಗೆದುಹಾಕುವ ಆಯ್ಕೆಗೆ ಟಿಕ್ ಮಾಡಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿ.

ಆ ಫೈಲ್ 5 ಜಿಬಿಗಿಂತ ದೊಡ್ಡದು. ನನ್ನ ಫೋನಿನಲ್ಲಿ ದಿನಕ್ಕೆ 2 ಜಿಬಿ ಡೇಟಾ. ಮೊದಲ ದಿನ ಅರ್ಧಕ್ಕೂ ಬರಲಿಲ್ಲ, ಎರಡನೇ ದಿನ ಮಳೆ ಬಂದು ಟವರ್ ಹೋಗಿ ಮೊದಲಿನಿಂದ ಶುರು. ಕೊನೆಗೆ ಮೈದುನನ ಅಂಗಡಿಯಲ್ಲಿ ಫೈಬರ್ ಇದೆ ಅಂತ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಪೆನ್‌ಡ್ರೈವ್‌ಗೆ ನಮ್ಮನೆಯವರ ಕಾರಿನದ್ದೇ ತೆಗೆದುಕೊಂಡೆ. ಇದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ ಅಂತ ರೂಫಸ್ ಕೇಳಿತ್ತು, ನಾನೇ ಓದದೆ ಸರಿ ಅಂತ ಒತ್ತಿದೆ. ಅವರ ಮುನ್ನೂರು ಹಳೆಯ ಹಾಡು ಹೋದವು. ಈಗ ಕಾರಿನಲ್ಲಿ ನಾವಿಬ್ಬರೂ ಮಾತಾಡಿಕೊಂಡು ಹೋಗುತ್ತೇವೆ, ಅದು ಬೇರೆ ವಿಷಯ.

ಮುಂದಿನದು ಬೂಟ್, ಅಂದರೆ ಹಾರ್ಡ್ ಡಿಸ್ಕಿನ ಬದಲು ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡುವುದು. ಲ್ಯಾಪ್‌ಟಾಪ್ ಆನ್ ಆಗುವಾಗ ಯಾವ ಕೀ ಒತ್ತಬೇಕು ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು. ಡೆಲ್‌ಗೆ ಎಫ್12, ಎಚ್‌ಪಿಗೆ ಎಫ್9, ಏಸಸ್‌ಗೆ ಸಾಮಾನ್ಯವಾಗಿ ಎಸ್ಕೇಪ್. ಲೇಖನದಲ್ಲಿ ಎಫ್12 ಅಂತ ಮಾತ್ರ ಇತ್ತು. ನನ್ನದರಲ್ಲಿ ಅದನ್ನು ಒತ್ತಿದರೆ ಏನೂ ಆಗುವುದಿಲ್ಲ, ಮಾಮೂಲಿ ವಿಂಡೋಸ್ ಬರುತ್ತದೆ. ಹನ್ನೊಂದು ಸಲ ಆಫ್ ಮಾಡಿ ಆನ್ ಮಾಡಿದೆ. "ಅಮ್ಮಾ, ಲೋಗೋ ಬರೋಕ್ಕೆ ಮುಂಚೆಯೇ ಟಕಟಕ ಅಂತ ಒತ್ತುತ್ತಾ ಇರು" ಅಂತ ಮಗಳು. "ಏ ಮಾರಾಯ್ತಿ, ಒತ್ತಿ ಒತ್ತಿ ಬೆರಳು ನೋಯ್ತಾ ಇದೆ" ಅಂತ ನಾನು. ಆಮೇಲೆ ಅವಳೇ ಮಾಡೆಲ್ ನಂಬರ್ ಹುಡುಕಿ ಸರಿಯಾದ ಕೀ ಹೇಳಿದಳು.

ಇನ್ನು ನಿಜವಾದ ಅನಾಹುತಕ್ಕೆ ಬರುತ್ತೇನೆ. ನಾನು ಈ ಪತ್ರ ಬರೆಯುತ್ತಿರುವುದೇ ಇದಕ್ಕೋಸ್ಕರ.

ಪೆನ್‌ಡ್ರೈವ್‌ನಿಂದ ಸೆಟಪ್ ಎದ್ದಿತು, ಎಲ್ಲಿ ಹಾಕಲಿ ಅಂತ ಕೇಳಿತು. ಹಾರ್ಡ್ ಡಿಸ್ಕ್ ತೋರಿಸಿದರೆ, ಈ ಡಿಸ್ಕ್‌ನಲ್ಲಿ ಎಂಬಿಆರ್ ಇದೆ, ಜಿಪಿಟಿ ಇದ್ದರೆ ಮಾತ್ರ ಹಾಕಲು ಸಾಧ್ಯ ಅಂತ ಇಂಗ್ಲಿಷಿನಲ್ಲಿ ಒಂದು ಮೆಸೇಜು. ಇವು ಡಿಸ್ಕನ್ನು ಪಾಲು ಮಾಡಿ ಅದರ ಲೆಕ್ಕ ಇಡುವ ಎರಡು ಕ್ರಮ, ಎಂಬಿಆರ್ ಹಳೆಯದು, ಜಿಪಿಟಿ ಹೊಸದು. ನೆಕ್ಸ್ಟ್ ಬಟನ್ ಮಂಕಾಗಿ ಕೂತಿದೆ. ನಿಮ್ಮ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ. ಮಗಳು ಆಫೀಸಿನ ಮೀಟಿಂಗಿನಲ್ಲಿದ್ದಳು, ಫೋನ್ ಎತ್ತಲಿಲ್ಲ. ಗೊತ್ತಿದ್ದ ಹುಡುಗನೊಬ್ಬನನ್ನು ಕೇಳಿದೆ. "ಅಕ್ಕಾ, ಇರೋ ಪಾರ್ಟಿಷನ್ ಎಲ್ಲಾ ಡಿಲೀಟ್ ಮಾಡಿ, ತಾನಾಗೇ ಸರಿಹೋಗುತ್ತೆ" ಅಂದ. ಸರಿಹೋಯಿತು, ಅವನು ಹೇಳಿದ್ದೂ ಸುಳ್ಳಲ್ಲ. ಆದರೆ ಡಿ ಡ್ರೈವ್ ಹೋಯಿತು.

ನಮ್ಮಲ್ಲಿ ಎಷ್ಟು ಜನಕ್ಕೆ ಈ ನಂಬಿಕೆ ಇದೆ ನೋಡಿ. ಮುಖ್ಯವಾದದ್ದನ್ನು ಸಿ ಡ್ರೈವ್‌ನಲ್ಲಿ ಇಡಬೇಡಿ, ಡಿ ಡ್ರೈವ್‌ನಲ್ಲಿಡಿ, ಫಾರ್ಮ್ಯಾಟ್ ಮಾಡಿದರೂ ಏನೂ ಆಗುವುದಿಲ್ಲ. ನನಗೂ ಹಾಗೇ ಹೇಳಿಕೊಟ್ಟಿದ್ದರು, ನಾನೂ ಸಮಾಜದಲ್ಲಿ ನಾಲ್ಕು ಜನಕ್ಕೆ ಹೇಳಿಕೊಟ್ಟಿದ್ದೇನೆ. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಕೋಣೆ. ಗೋಡೆ ಕೆಡವಿ ಅಡಿಪಾಯದಿಂದ ಕಟ್ಟುವಾಗ ಎರಡೂ ಹೋಗುತ್ತವೆ. ಪಾರ್ಟಿಷನ್ ಎಲ್ಲ ಅಳಿಸಿ ಎಂಬಿಆರ್‌ನಿಂದ ಜಿಪಿಟಿಗೆ ಹೋಗುವುದು ಅಂದರೆ ಆ ಕೆಲಸವೇ. ನಮ್ಮ ಊರುಗಳಲ್ಲಿ ಎಷ್ಟೋ ಜನ ಲ್ಯಾಪ್‌ಟಾಪ್ ಕೊಳ್ಳುವಾಗ ದುಡ್ಡು ಉಳಿಯುತ್ತದೆ ಅಂತ ವಿಂಡೋಸ್ ಇಲ್ಲದೆ ಬರೀ ಡಾಸ್ ಇರುವುದನ್ನೇ ತಂದು, ಆಮೇಲೆ ಅಂಗಡಿಯಲ್ಲಿ ವಿಂಡೋಸ್ ಹಾಕಿಸುತ್ತಾರೆ. ನಾವೂ ಹಾಗೆಯೇ ಮಾಡಿದ್ದು. ಹಾಕಿದವರು ಹಳೆಯ ಕ್ರಮದಲ್ಲಿ ಎಂಬಿಆರ್ ಮಾಡಿ ಹಾಕಿದ್ದರು, ಎಂಟು ವರ್ಷ ಅದರ ಗೊಡವೆಯೇ ಬಂದಿರಲಿಲ್ಲ.

ಬೇಸರ ಏನೆಂದರೆ ಅಳಿಸುವ ಅಗತ್ಯವೇ ಇರಲಿಲ್ಲವಂತೆ. ಶುರು ಮಾಡುವುದಕ್ಕೆ ಮೊದಲು ವಿಂಡೋಸ್‌ನ ಸಿಸ್ಟಂ ಇನ್ಫರ್ಮೇಷನ್ ತೆರೆದು ಬಯೋಸ್ ಮೋಡ್ ಎಂಬ ಸಾಲು ನೋಡಿದ್ದರೆ ಸಾಕಿತ್ತು. ಅಲ್ಲಿ ಲೆಗಸಿ, ಅಂದರೆ ಹಳೆಯ ಕ್ರಮ, ಅಂತಿದ್ದರೆ ರೂಫಸ್‌ನಲ್ಲೂ ಎಂಬಿಆರ್ ಅನ್ನೇ ಆರಿಸಿ ಪೆನ್‌ಡ್ರೈವ್ ಮಾಡಬಹುದಿತ್ತು. ಇಲ್ಲವೆಂದರೆ ವಿಂಡೋಸ್ 10ರ ಒಳಗೇ ಎಂಬಿಆರ್2ಜಿಪಿಟಿ ಅಂತ ಒಂದು ಸಾಧನ ಇದೆ, ಫೈಲ್‌ಗಳನ್ನು ಉಳಿಸಿಕೊಂಡೇ ಬದಲಾಯಿಸುತ್ತದೆ. ಎಲ್ಲ ಡಿಸ್ಕಿಗೂ ಅದು ಒಗ್ಗುವುದಿಲ್ಲ, ಬ್ಯಾಕಪ್ ಇಲ್ಲದೆ ಅದನ್ನೂ ಮುಟ್ಟಬಾರದು. ಆದರೂ ದಾರಿ ಇತ್ತಲ್ಲ.

ಫೈಲ್ ಕಾಪಿ ಆಗುವಾಗ ಶೇಕಡ 43ಕ್ಕೆ ಕರೆಂಟ್ ಹೋಯಿತು. ಎಂಟು ವರ್ಷದ ಬ್ಯಾಟರಿ, ಐದು ನಿಮಿಷವೂ ನಿಲ್ಲಲಿಲ್ಲ. ಮರುದಿನ ಮತ್ತೆ ಮೊದಲಿನಿಂದ. ಮಲೆನಾಡಿನವರು ಇಂಥ ಕೆಲಸಕ್ಕೆ ಕೈ ಹಾಕುವುದಾದರೆ ಯುಪಿಎಸ್ ಇರುವವರ ಮನೆಗೆ ಹೋಗಿ ಅಂತ ಒಂದು ಸಾಲು ಹಾಕಿ, ತಮಾಷೆಗೆ ಹೇಳುತ್ತಿಲ್ಲ.

ಅದಾದ ಮೇಲೆ ಇಂಟರ್ನೆಟ್‌ಗೆ ಕನೆಕ್ಟ್ ಮಾಡಿ ಅಂತ ಒಂದು ಪರದೆ, ಪಟ್ಟಿಯಲ್ಲಿ ಒಂದೂ ವೈಫೈ ಇಲ್ಲ. ವೈಫೈ ನಡೆಸಲು ಡ್ರೈವರ್ ಅನ್ನುವ ಪುಟ್ಟ ತಂತ್ರಾಂಶ ಬೇಕು, ಡ್ರೈವರ್ ತರಲು ಇಂಟರ್ನೆಟ್ ಬೇಕು. ಹುಚ್ಚು ಬಿಡದ ಹೊರತು ಮದುವೆ ಇಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ ಅಂದ ಹಾಗೆ. ಇಲ್ಲಿ ಮಾತ್ರ ಉಪಾಯ ಬಲು ಸುಲಭ. ಫೋನನ್ನು ಚಾರ್ಜರ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಆಯಿತು, ಫೋನಿನ ಇಂಟರ್ನೆಟ್ಟೇ ಲ್ಯಾಪ್‌ಟಾಪ್‌ಗೆ ಬರುತ್ತದೆ. ಇದನ್ನು ಕಂಡುಹಿಡಿಯಲು ನಮಗೆ ಒಂದು ಸಂಜೆ ಪೂರ್ತಿ ಹೋಯಿತು.

ಐದನೇ ದಿನ ವಿಂಡೋಸ್ 11 ಬಂತು. ಬಂತು ಅಂದರೆ, ಆನ್ ಮಾಡಿ ಕಾಫಿ ಸೋಸಿ ಕುಡಿದು ಬಂದರೂ ಚಕ್ರ ತಿರುಗುತ್ತಲೇ ಇರುತ್ತಿತ್ತು. ಹಳೆಯ ತಿರುಗುವ ಹಾರ್ಡ್ ಡಿಸ್ಕ್, 4 ಜಿಬಿ ರ್‍ಯಾಮ್. ಎರಡು ಸಾವಿರ ಚಿಲ್ಲರೆ ಕೊಟ್ಟು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿಸಿದ ಮೇಲೆ ಉಸಿರಾಡುವ ಹಾಗಾಯಿತು. ಆ ದುಡ್ಡನ್ನು ಮೊದಲೇ ಹಾಕಿ ಹಳೆಯ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿ ಇಟ್ಟಿದ್ದರೆ ಡಿ ಡ್ರೈವ್ ಹಾಗೇ ಇರುತ್ತಿತ್ತು. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಡಾವಳಿಯನ್ನು ಪ್ರತಿ ತಿಂಗಳು ಕಾರ್ಯದರ್ಶಿಯವರಿಗೆ ಮೇಲ್ ಮಾಡುತ್ತಿದ್ದೆ, ಹಾಗಾಗಿ ಅದು ಸಿಕ್ಕಿತು. ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕೆ, ಗೆರೆ, ಟೋಪಿ ಹಾಕಿದಂಥ ಕಗ್ಗ. ವೈರಸ್ ಬಂತು ಅಂದುಕೊಂಡೆ. ಆಗಿದ್ದಿಷ್ಟೇ, ನಾನು ಟೈಪ್ ಮಾಡಿದ್ದು ಯೂನಿಕೋಡ್‌ಗಿಂತ (ಈಗ ಎಲ್ಲ ಕಂಪ್ಯೂಟರ್, ಫೋನಿಗೂ ಅರ್ಥವಾಗುವ ಅಕ್ಷರಗಳ ಕ್ರಮ) ಹಳೆಯ ಥರದ ನುಡಿ ಫಾಂಟ್‌ನಲ್ಲಿ, ಆ ಫಾಂಟು ಹಳೆಯ ವಿಂಡೋಸ್ ಜೊತೆಗೇ ಹೋಗಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಮತ್ತೆ ಹಾಕಿದ ತಕ್ಷಣ ಅಕ್ಷರಗಳು ಎದ್ದು ಕೂತವು. ಈಗ ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿ ಇಡುತ್ತಿದ್ದೇನೆ. ಕನ್ನಡ ಪತ್ರಿಕೆಯಲ್ಲಿ ಕನ್ನಡದವರಿಗೆ ಬರೆಯುವಾಗ ಈ ಒಂದು ಮಾತು ಬೇಕಿತ್ತು ಅಲ್ವಾ? ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತೊಂದರೆಯೇ ಇಲ್ಲ, ಅವರಿಂದ ತಂದು ಕನ್ನಡಕ್ಕೆ ಹಾಕಿದರೆ ಅದು ಹೇಗೆ ಬಂದೀತು?

ಹಸೆ ಹಾಡುಗಳು ಹೋದವು. ಅತ್ತೆಯ ಕೈಬರಹದ ನೋಟ್‌ಬುಕ್ ಇದೆ. ದಿನಕ್ಕೆ ಎರಡು ಹಾಡಿನಂತೆ ಮತ್ತೆ ಟೈಪ್ ಮಾಡುತ್ತಿದ್ದೇನೆ.

ಎಲ್ಲ ಮುಗಿದ ಮೇಲೆ ಮಗಳು ಇನ್ನೊಂದು ವಿಷಯ ಹೇಳಿದಳು. ನಾನು ಇದನ್ನೆಲ್ಲ ಆ ವಾರವೇ ಮಾಡಬೇಕಿರಲಿಲ್ಲ. ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಪಡೆಯುವ ದಾರಿ ಇಟ್ಟಿದ್ದಾರೆ. 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡೂ ಕೊಡಬೇಕಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಲಿಂಕ್ ಬರುತ್ತದೆ. ನಿಮ್ಮ ಲೇಖನದಲ್ಲಿ ಈ ಒಂದು ಸಾಲು ಇದ್ದಿದ್ದರೆ ನಾನು ಸಾವಕಾಶವಾಗಿ, ಮಗಳು ಊರಿಗೆ ಬಂದಾಗ, ಪಕ್ಕದಲ್ಲಿ ಕೂರಿಸಿಕೊಂಡು ಮಾಡುತ್ತಿದ್ದೆ. ಅದೂ ಅಲ್ಲದೆ ಮೈಕ್ರೋಸಾಫ್ಟ್ ಒಪ್ಪುವ ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಹೀಗೆ ಹಾಕಿಕೊಂಡರೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಭರವಸೆ ಇಲ್ಲ ಅಂತ ಕಂಪನಿಯೇ ಹೇಳಿದೆ. ನನಗೆ ಇಲ್ಲಿಯವರೆಗೆ ತಿಂಗಳು ತಿಂಗಳು ಬರುತ್ತಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಗೆ ಮತ್ತೆ ಪೆನ್‌ಡ್ರೈವ್ ಹಿಡಿದು ಕೂರಬೇಕಂತೆ.

ನಾನು ಕೇಳುವುದು ಒಂದೇ. ಅದೇ ಜಾಗದಲ್ಲಿ ಇನ್ನೊಮ್ಮೆ ಬರೆಸಿ. ಆದರೆ ಶುರು ಮಾಡುವುದು ರೂಫಸ್‌ನಿಂದ ಬೇಡ. ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡುವುದು ಹೇಗೆ, ಡಿ ಡ್ರೈವ್ ಯಾಕೆ ಭದ್ರವಲ್ಲ, ನುಡಿಯಲ್ಲಿ ಬರೆದದ್ದನ್ನು ಏನು ಮಾಡಬೇಕು, ಇಷ್ಟಕ್ಕೇ ಅರ್ಧ ಪುಟ ಕೊಡಿ. ಪರದೆಯ ಮೇಲೆ ಬರುವ ಆ ಇಂಗ್ಲಿಷ್ ಮೆಸೇಜುಗಳನ್ನು ಕನ್ನಡದಲ್ಲಿ ಬಿಡಿಸಿ ಹಾಕಿ.

ನಮ್ಮ ಸಮಾಜದ ಇನ್ನೂ ಮೂವರು ನಿಮ್ಮ ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಅವರಲ್ಲಿ ಒಬ್ಬರ ಮನೆಯಲ್ಲಿರುವುದು ಕೋರ್ 2 ಡ್ಯೂಯೊ ಅನ್ನುವ ತುಂಬ ಹಳೆಯ ಪ್ರೊಸೆಸರ್ ಕಾಲದ್ದು. ಅದಕ್ಕೆ ಈಗಿನ ವಿಂಡೋಸ್ 11 ಯಾವ ಟಿಕ್ ಹಾಕಿದರೂ ಏಳುವುದಿಲ್ಲ, 24ಎಚ್2 ಆವೃತ್ತಿಯಿಂದೀಚೆಗೆ ಅದು ಕೇಳುವ ಕೆಲವು ಆದೇಶಗಳೇ ಆ ಪ್ರೊಸೆಸರ್‌ಗೆ ಗೊತ್ತಿಲ್ಲ. ಅವರಿಗೆ ಮಗಳು, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದ ಪೆನ್‌ಡ್ರೈವ್ ಕಳಿಸಿದ್ದಾಳೆ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಕೆ.ಪಿ. ರಾವ್ ಅವರ ಕೀಲಿಮಣೆಯ ಅಭ್ಯಾಸ ಇರುವವರಿಗೆ ಅದೇ ವಿನ್ಯಾಸ ಅಲ್ಲೂ ಸಿಗುತ್ತದೆ. ಉಳಿದಿಬ್ಬರಿಗೆ ಈ ಭಾನುವಾರದವರೆಗೆ ಕೈ ಹಾಕಬೇಡಿ ಅಂತ ಹೇಳಿ ತಡೆದಿದ್ದೇನೆ. ಅಷ್ಟರೊಳಗೆ ಏನಾದರೂ ಹಾಕುತ್ತೀರಾ?

ಇಂತಿ,
ನಿಮ್ಮ ಓದುಗಳು, ಸಾಗರ