ಭಾನುವಾರ ವಿದುರಾಶ್ವತ್ಥ: ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ 🙏

ನಮ್ಮ ಈ ತಿಂಗಳ ಸಭೆ ಹಾಲ್‌ನಲ್ಲಿ ಅಲ್ಲ, ವಿದುರಾಶ್ವತ್ಥದಲ್ಲಿ. ಭಾನುವಾರ ಬೆಳಗ್ಗೆ 9ಕ್ಕೆ ಗೌರಿಬಿದನೂರು ಬಸ್ ನಿಲ್ದಾಣಕ್ಕೆ ಬನ್ನಿ. ಹೆಸರು ಕೊಟ್ಟವರ ಜೊತೆ ಕಾಲೇಜಿಗೆ ಹೋಗುವ ಮಕ್ಕಳೂ ಬರಬಹುದು. ಬರಲೇಬೇಕು ಅಂತ ನನ್ನ ಆಸೆ.

1938ರ ಏಪ್ರಿಲ್ 25ರಂದು ಅಲ್ಲಿ ಜನ ಸೇರಿದ್ದು ಒಂದು ಬಾವುಟ, ಕಾಂಗ್ರೆಸ್ಸಿನ ಬಾವುಟ, ಹಾರಿಸೋಕೆ. ಮೈಸೂರು ಸರ್ಕಾರ ಸಭೆ ಬೇಡ, ಬಾವುಟ ಬೇಡ ಎಂದಿತ್ತು. ಪೊಲೀಸರು ಗುಂಡು ಹಾರಿಸಿದರು, ಎಷ್ಟೋ ಮಂದಿ ಮನೆಗೆ ವಾಪಸ್ ಬರಲಿಲ್ಲ. ಮುಂದಿನ ತಿಂಗಳೇ ಮೈಸೂರು ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಕಾಂಗ್ರೆಸ್ಸಿನ ಸರ್ದಾರ್ ಪಟೇಲ್ ನಡುವೆ ಮಿರ್ಜಾ-ಪಟೇಲ್ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆ ಅದೇ ಬಾವುಟ ಹಾರಿಸಬಹುದು ಎಂದಾಯಿತು. ಹೋದ ಸಲ ನಾನು ಹೋದಾಗ ನಾಗರಕಲ್ಲುಗಳ ಮೇಲೆ ಅರಿಶಿನ ಇನ್ನೂ ಹಸಿಯಾಗಿತ್ತು. ಪೂಜೆ ಮುಗಿಸಿದವರು ಸ್ಮಾರಕದ ಕಡೆ ತಿರುಗಿಯೂ ನೋಡದೆ ಹೊರಟರು. ತುಂಬಾ ಬೇಜಾರಾಯಿತು.

ಇವತ್ತು ಆಯುಧವಿಲ್ಲದೆ ಶಾಂತಿಯಿಂದ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಅದಕ್ಕೆ ಸರ್ಕಾರ ಮಿತಿ ಹಾಕಬಹುದು, ಆದರೆ ಆ ಮಿತಿ ನ್ಯಾಯವಾಗಿರಬೇಕು. ಯಾವುದು ನ್ಯಾಯ, ಯಾರು ಹೇಳಬೇಕು? ಅದನ್ನೇ ಅಲ್ಲಿ ಕೂತು ಮಾತಾಡೋಣ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು ಎನ್ನುವ 22ನೇ ವಿಧಿಯನ್ನೂ ಓದಿಕೊಂಡು ಬನ್ನಿ. ಮಕ್ಕಳಿಗೆ ಇದು ಜಾಸ್ತಿ ಬೇಕು.

ಸಂವಿಧಾನದ ಕನ್ನಡ ಪ್ರತಿ ಇದ್ದವರು ತನ್ನಿ. ನೀರು, ಟೋಪಿ ಮರೆಯಬೇಡಿ, ಬಿಸಿಲಿದೆ. ಊಟ ಒಟ್ಟಿಗೆ.

ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಕಾರಿನಲ್ಲಿ ಸೀಟ್ ಖಾಲಿ ಇದ್ದವರು ಅದನ್ನೂ ಹೇಳಿ, ವಯಸ್ಸಾದವರನ್ನು ಕರೆತರಬೇಕು.