ಮಗನ ಪೇಸ್ಟಬ್ ಒಮ್ಮೆ ಕೇಳಿ ನೋಡಿ

ಮಾನ್ಯ ಸಂಪಾದಕರೇ,

ಅಮೆರಿಕಕ್ಕೆ ಓದಲು ಬರುವ ಮಕ್ಕಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವುದನ್ನೆಲ್ಲ ನಾನು ಓದುತ್ತೇನೆ. ವೀಸಾ ಸಂದರ್ಶನ, ಬ್ಯಾಂಕ್ ಸಾಲ, ಡಾಲರ್ ರೇಟು, ರೂಮ್ ಬಾಡಿಗೆ ಎಲ್ಲ ಇರುತ್ತದೆ. ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಏನು ಹಿಡಿಯಬೇಕು, ಏನು ಹಿಡಿಯಬಾರದು ಅನ್ನುವುದರ ಬಗ್ಗೆ ಮಾತ್ರ ಒಂದು ಸಾಲೂ ಕಂಡಿಲ್ಲ. 2023-24ರಲ್ಲಿ ಇಲ್ಲಿದ್ದ ಭಾರತದ ವಿದ್ಯಾರ್ಥಿಗಳೇ 3.31 ಲಕ್ಷ. ಅಷ್ಟು ಮನೆಗಳಿಗೆ ಸಂಬಂಧಪಟ್ಟ ವಿಷಯ ಇದು.

ನಾನು ಪೆನ್ಸಿಲ್ವೇನಿಯಾದ ಒಂದು ವಿಶ್ವವಿದ್ಯಾಲಯದ ಪೇರೋಲ್ ಆಫೀಸಿನಲ್ಲಿದ್ದೇನೆ. ಇಲ್ಲಿ ಓದಿ ಬೇರೆ ಕಡೆ ಕೆಲಸಕ್ಕೆ ಸೇರಿದ ಹುಡುಗರು "ಅಕ್ಕಾ, ಇದೊಂಚೂರು ನೋಡ್ತೀರಾ" ಅಂತ ಪೇಸ್ಟಬ್, ಅಂದರೆ ಸಂಬಳದ ಚೀಟಿಯ ಫೋಟೋ ಕಳಿಸುತ್ತಿರುತ್ತಾರೆ. ಮೊನ್ನೆ ಒಬ್ಬ ಕಳಿಸಿದ. ಎಂಎಸ್ ಮುಗಿಸಿ, ಓಪಿಟಿ (ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಸಿಗುವ ಅನುಮತಿ) ಮೇಲೆ ಒಂದು ಸಣ್ಣ ಕಂಪನಿಗೆ ಸೇರಿದ್ದಾನೆ. ತಿಂಗಳಿಗೆ 5,000 ಡಾಲರ್. ಫೆಡರಲ್ ಇನ್‌ಕಮ್ ಟ್ಯಾಕ್ಸ್ ಜಾಸ್ತಿ ಹಿಡಿದಿದ್ದಾರೇನೋ ಅಂತ ಅವನ ಅನುಮಾನ. ಅದು ಸರಿಯಾಗಿಯೇ ಇತ್ತು. ಅದರ ಕೆಳಗೆ ಇನ್ನೆರಡು ಸಾಲು ಇದ್ದವು. "ಫೆಡ್ ಓಎಎಸ್‌ಡಿಐ" ಅಂತ 310 ಡಾಲರ್, "ಫೆಡ್ ಮೆಡ್" ಅಂತ 72.50. ಆ ಎರಡೂ ಸಾಲು ಅವನ ಪೇಸ್ಟಬ್‌ನಲ್ಲಿ ಇರಲೇಬಾರದಿತ್ತು.

ಮೊದಲನೆಯದು ಸೋಷಿಯಲ್ ಸೆಕ್ಯುರಿಟಿ, ಅಂದರೆ ಇಲ್ಲಿಯ ಪಿಂಚಣಿ ಯೋಜನೆಗೆ, ಸಂಬಳದ 6.2 ಪರ್ಸೆಂಟ್. ಎರಡನೆಯದು ಮೆಡಿಕೇರ್, ಅಂದರೆ ವಯಸ್ಸಾದವರ ಆರೋಗ್ಯ ವಿಮೆಗೆ, 1.45 ಪರ್ಸೆಂಟ್. ಎರಡೂ ಸೇರಿ ಎಫ್‌ಐಸಿಎ, ಇಲ್ಲಿಯವರ ಬಾಯಲ್ಲಿ ಫೈಕಾ. ಎಫ್-1 ವೀಸಾದಲ್ಲಿರುವ, ತೆರಿಗೆ ಲೆಕ್ಕದಲ್ಲಿ ಇನ್ನೂ ನಾನ್‌ರೆಸಿಡೆಂಟ್ ಆಗಿರುವ ವಿದ್ಯಾರ್ಥಿ ಪರವಾನಗಿ ಪಡೆದು ಮಾಡುವ ಕೆಲಸಕ್ಕೆ ಇದು ಅನ್ವಯಿಸುವುದಿಲ್ಲ. ಓಪಿಟಿಗೂ, ಓದಿನ ನಡುವೆ ಅದರ ಭಾಗವಾಗಿ ಮಾಡುವ ಸಿಪಿಟಿ ಕೆಲಸಕ್ಕೂ ಈ ವಿನಾಯಿತಿ ಇದೆ. ಈ ಹುಡುಗನ ಲೆಕ್ಕದಲ್ಲಿ ವರ್ಷಕ್ಕೆ 4,590 ಡಾಲರ್ ಸುಮ್ನೆ ಹೋಗುತ್ತದೆ. ಕಂಪನಿಯೂ ತನ್ನ ಜೇಬಿನಿಂದ ಅಷ್ಟೇ ಕಟ್ಟುತ್ತದೆ. ಅಂದರೆ ಇದರಲ್ಲಿ ಕಂಪನಿಗೆ ಲಾಭವೇನೂ ಇಲ್ಲ, ಅವರಿಗೂ ಗೊತ್ತಿಲ್ಲ ಅಷ್ಟೇ.

ಯಾಕೆ ಗೊತ್ತಾಗಲ್ಲ ಅಂದರೆ, ಕೆಲಸಕ್ಕೆ ಸೇರುವಾಗ ತುಂಬುವ ಐ-9 ಫಾರಂ ಕೇಳುವುದು ಕೆಲಸ ಮಾಡಲು ಅನುಮತಿ ಇದೆಯಾ ಅಂತ. ತೆರಿಗೆಗೆ ನೀವು ರೆಸಿಡೆಂಟಾ ಅಂತ ಅದರಲ್ಲಿ ಪ್ರಶ್ನೆಯೇ ಇಲ್ಲ. ಎಷ್ಟು ತೆರಿಗೆ ಹಿಡಿಯಬೇಕು ಅಂತ ಕಂಪನಿಗೆ ತಿಳಿಸುವ ಡಬ್ಲ್ಯು-4 ಫಾರಂನ ಸೂಚನೆಗಳಲ್ಲಿ ನಾನ್‌ರೆಸಿಡೆಂಟ್‌ಗಳು ನೋಟಿಸ್ 1392 ನೋಡಿ ಅಂತ ಒಂದು ಪುಟ್ಟ ಸಾಲಿದೆ. ಕಂಪ್ಯೂಟರ್ ಮುಂದೆ ಕೂತು ನೆಕ್ಸ್ಟ್, ನೆಕ್ಸ್ಟ್ ಒತ್ತುವ ಯಾವ ಹುಡುಗ ಅದನ್ನು ಓದುತ್ತಾನೆ, ಹೇಳಿ?

ಇನ್ನು ಈ ನಾನ್‌ರೆಸಿಡೆಂಟ್ ಲೆಕ್ಕ. ಇದು ಗ್ರೀನ್ ಕಾರ್ಡ್ ಇಲ್ಲದವರೆಲ್ಲ ಅನ್ನುವ ಅರ್ಥದ್ದಲ್ಲ. ತೆರಿಗೆಗೆ ರೆಸಿಡೆಂಟ್ ಆಗಲು ಈ ವರ್ಷ ಕನಿಷ್ಠ 31 ದಿನ ಇಲ್ಲಿರಬೇಕು. ಈ ವರ್ಷದ ದಿನಗಳು ಪೂರ್ತಿ, ಹೋದ ವರ್ಷದ್ದರಲ್ಲಿ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ್ದರಲ್ಲಿ ಆರನೇ ಒಂದು ಪಾಲು, ಎಲ್ಲ ಕೂಡಿ 183 ಮುಟ್ಟಿದರೆ ತೆರಿಗೆಗೆ ರೆಸಿಡೆಂಟ್. ಎಫ್-1 ವಿದ್ಯಾರ್ಥಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ಈ ದಿನಗಳನ್ನು ಎಣಿಸುವುದೇ ಇಲ್ಲ. ಹಾಗಾಗಿ ಆ ಐದು ವರ್ಷ ಸಾಮಾನ್ಯವಾಗಿ ಫೈಕಾ ಇಲ್ಲ.

ಕ್ಯಾಲೆಂಡರ್ ವರ್ಷ ಅಂದೆನಲ್ಲ, ಅಲ್ಲೇ ಎಡವುವುದು. 2020ರ ಆಗಸ್ಟ್‌ನಲ್ಲಿ ಬಂದವನಿಗೆ ಐದು ವರ್ಷ ಮುಗಿದದ್ದು 2024ರ ಡಿಸೆಂಬರ್ 31ಕ್ಕೆ, 2025ರ ಆಗಸ್ಟ್‌ಗಲ್ಲ. ಜನವರಿಯ ಸೆಮಿಸ್ಟರ್‌ಗೆ ಡಿಸೆಂಬರ್ 28ಕ್ಕೇ ವಿಮಾನ ಇಳಿದವನಿಗೆ ಆ ನಾಲ್ಕು ದಿನಕ್ಕೆ ಒಂದಿಡೀ ವರ್ಷ ಖರ್ಚು. ಟಿಕೆಟ್ ಬುಕ್ ಮಾಡುವಾಗ ಇದನ್ನು ಯಾರೂ ಹೇಳಿರುವುದಿಲ್ಲ. ಐದು ವರ್ಷ ಕಳೆದ ಮೇಲೂ "ನಾನು ಸ್ಟೂಡೆಂಟ್ ವೀಸಾ, ನನಗೆ ಹಿಡಿಯಬೇಡಿ" ಅಂತ ಎಚ್‌ಆರ್ ಜೊತೆ ಜಗಳ ಆಡುವವರೂ ಇದ್ದಾರೆ. ಅಲ್ಲಿ ಎಚ್‌ಆರ್‌ದೇ ಸರಿ.

ಕಂಪನಿ ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾ ಎಚ್-1ಬಿ ಆದರೆ ಕಥೆ ಬೇರೆ. ಅಕ್ಟೋಬರ್ 1ಕ್ಕೆ ಸ್ಟೇಟಸ್ ಬದಲಾಯಿತು ಅಂದರೆ ಅವತ್ತಿನಿಂದಲೇ ಫೈಕಾ ಶುರು. ಆದರೆ ಅಲ್ಲಿಂದ ಡಿಸೆಂಬರ್ ಕೊನೆಗೆ ಆಗುವುದು 92 ದಿನ ಮಾತ್ರ. ಹಾಗಾಗಿ ಐದು ವರ್ಷದೊಳಗೆ ಎಚ್-1ಬಿಗೆ ಬಂದವನು ಆ ವರ್ಷದ ರಿಟರ್ನ್ ಸಾಮಾನ್ಯವಾಗಿ ನಾನ್‌ರೆಸಿಡೆಂಟ್ ಆಗಿಯೇ ಹಾಕಬೇಕಾಗುತ್ತದೆ. ಫೈಕಾ ಕಟ್ಟುತ್ತಾನೆ, ರೆಸಿಡೆಂಟ್ ಅಲ್ಲ! ತಲೆ ಕೆಡುವುದು ಸಹಜ.

ಹಿಡಿದದ್ದು ವಾಪಸ್ ಬರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಜಾಸ್ತಿ ಹಿಡಿದ ಇನ್‌ಕಮ್ ಟ್ಯಾಕ್ಸ್ ಏಪ್ರಿಲ್‌ನಲ್ಲಿ ರಿಟರ್ನ್ ಹಾಕಿದರೆ ಬರುತ್ತದೆ. ತಪ್ಪಾಗಿ ಹಿಡಿದ ಫೈಕಾ ಹಾಗೆ ಬರುವುದಿಲ್ಲ, ರಿಟರ್ನ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಮೊದಲು ಕಂಪನಿಯನ್ನೇ ಕೇಳಬೇಕು. ಅವರು ಹಣ ಹಿಂದಿರುಗಿಸಿ 941-ಎಕ್ಸ್ ಅನ್ನುವ ತಿದ್ದುಪಡಿ ಫಾರಂ ಹಾಕಬೇಕು. ಅವರು ಆಗಲ್ಲ ಅಂದರೆ 843 ಮತ್ತು 8316 ಅನ್ನುವ ಎರಡು ಫಾರಂ ತುಂಬಿ, ಡಬ್ಲ್ಯು-2 (ಕಂಪನಿ ಕೊಡುವ ವರ್ಷದ ಸಂಬಳ, ತೆರಿಗೆಯ ಲೆಕ್ಕ), ವೀಸಾ, ಐ-94 (ದೇಶಕ್ಕೆ ಬಂದ ದಾಖಲೆ) ಪ್ರತಿ ಇಟ್ಟು, ಇಲ್ಲಿಯ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಅಂಚೆಯಲ್ಲಿ ಕಳಿಸಬೇಕು. ಸಾಮಾನ್ಯವಾಗಿ ಮೂರು ವರ್ಷದೊಳಗೆ ಕೇಳಬೇಕು.

ಕಂಪನಿಯನ್ನು ಕೇಳು ಅಂತ ನಾನು ಸುಲಭವಾಗಿ ಹೇಳಿಬಿಡುತ್ತೇನೆ. ಆ ಹುಡುಗ ಏನಂದ ಗೊತ್ತಾ? "ಸೇರಿ ಎರಡು ತಿಂಗಳಾಗಿಲ್ಲ ಅಕ್ಕಾ, ಈಗಲೇ ದುಡ್ಡಿನ ವಿಷಯ ಎತ್ತಿದರೆ ಏನಂದುಕೊಳ್ತಾರೋ." ಅವನ ಭಯ ಸುಳ್ಳಲ್ಲ. ಓಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವ ಹಾಗಿಲ್ಲ. ಮುಂದೆ ಎಚ್-1ಬಿಗೆ ಅರ್ಜಿ ಹಾಕಬೇಕಾದವರೂ ಅದೇ ಕಂಪನಿಯವರು. ಹಾಗಾಗಿ ಜಗಳದ ಧಾಟಿ ಬೇಡ ಅಂತ ನಾಲ್ಕು ಸಾಲಿನ ಇಮೇಲ್ ಬರೆಸಿದೆ. ನಾನು ಇಂಥ ತಾರೀಖಿಗೆ ಎಫ್-1ರಲ್ಲಿ ಬಂದೆ, ಈ ವರ್ಷ ನಾನ್‌ರೆಸಿಡೆಂಟ್, ಕಾನೂನಿನ 3121(ಬಿ)(19) ಕಲಮಿನ ಪ್ರಕಾರ ನನಗೆ ವಿನಾಯಿತಿ ಇದೆ, ನಿಮ್ಮ ಪಾಲಿನ ಹಣವೂ ಉಳಿಯುತ್ತದೆ. ಕೊನೆಯ ಮಾತಿಗೆ ಬೆಲೆ ಜಾಸ್ತಿ. ಮುಂದಿನ ಪೇಚೆಕ್‌ನಲ್ಲಿ ಆ ಎರಡು ಸಾಲು ಸೊನ್ನೆ ಆದವು. ಹಳೆಯದನ್ನು ಇನ್ನೂ ಕೊಟ್ಟಿಲ್ಲ, ನೋಡಬೇಕು.

ಭಾರತದವರಿಗೆ ಇನ್ನೊಂದು ಅನುಕೂಲ ಇದೆ. 1989ರಲ್ಲಿ ಎರಡು ದೇಶಗಳ ನಡುವೆ ಆದ ತೆರಿಗೆ ಒಪ್ಪಂದದ 21ನೇ ವಿಧಿ ಪ್ರಕಾರ ನಮ್ಮ ವಿದ್ಯಾರ್ಥಿಗಳು ನಾನ್‌ರೆಸಿಡೆಂಟ್ ಆಗಿದ್ದೂ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಲೆಕ್ಕಕ್ಕೆ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ, ಪಡೆಯಬಹುದು. 2024ಕ್ಕೆ ಅದು ಒಂಟಿಯವರಿಗೆ 14,600 ಡಾಲರ್. ಬೇರೆ ನಾನ್‌ರೆಸಿಡೆಂಟ್‌ಗಳ ಸಂಬಳಕ್ಕೆ ಲೆಕ್ಕಕ್ಕಾಗಿ ಒಂದು ಮೊತ್ತ ಕೂಡಿಸಿ ತೆರಿಗೆ ಹಿಡಿಯುತ್ತಾರೆ. ಭಾರತದ ವಿದ್ಯಾರ್ಥಿಗಳಿಗೆ ಹಾಗೆ ಕೂಡಿಸಬಾರದು. ಪೇರೋಲ್‌ನಲ್ಲಿ ಕೂತವರಿಗೂ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ. ಈ ಒಪ್ಪಂದ ಫೆಡರಲ್ ತೆರಿಗೆಗೆ ಮಾತ್ರ ಅನ್ನುವುದೂ ನೆನಪಿರಲಿ. ನಮ್ಮ ಪೆನ್ಸಿಲ್ವೇನಿಯಾ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ 3.07 ಪರ್ಸೆಂಟ್ ಹಿಡಿಯುತ್ತದೆ.

ಇಷ್ಟು ಹೇಳಿ ಫ್ರೆಂಡ್ಸ್ ಸಲಹೆಯ ಬಗ್ಗೆ ಹೇಳದಿದ್ದರೆ ಹೇಗೆ? ನಾನ್‌ರೆಸಿಡೆಂಟ್ ಹಾಕಬೇಕಾದ ರಿಟರ್ನ್ ಫಾರಂ 1040-ಎನ್‌ಆರ್, ರೆಸಿಡೆಂಟ್‌ಗಳದ್ದು 1040. ರೂಮ್‌ಮೇಟ್ ಹೇಳಿದ ಅಂತ ಯಾವುದೋ ಆಪ್‌ನಲ್ಲಿ 1040 ಹಾಕಿ, ತನಗೆ ಸಿಗಬಾರದ ಶಿಕ್ಷಣದ ಕ್ರೆಡಿಟ್ ತೆಗೆದುಕೊಂಡು, "ಸಾವಿರ ಡಾಲರ್ ರಿಫಂಡ್ ಬಂತು" ಅಂತ ಊರಿಗೆ ಫೋನ್ ಮಾಡುವವರಿದ್ದಾರೆ. ಅದನ್ನು 1040-ಎಕ್ಸ್ ಅನ್ನುವ ತಿದ್ದುಪಡಿ ಫಾರಂ ಹಾಕಿ ಸರಿಪಡಿಸಲೇಬೇಕು, ತಡ ಮಾಡಿದಷ್ಟೂ ಬಡ್ಡಿ ಬೆಳೆಯುತ್ತದೆ.

ದೆಹಲಿಯಲ್ಲಿರುವ ನಮ್ಮ ಸಂಸದರಿಗೂ ಒಂದು ಮಾತು. ಎಚ್-1ಬಿಯವರು ಕಟ್ಟುವ ಸೋಷಿಯಲ್ ಸೆಕ್ಯುರಿಟಿಗೆ ಪಿಂಚಣಿ ಸಿಗಬೇಕಾದರೆ 40 ಕ್ರೆಡಿಟ್ ಬೇಕು, ಅಂದರೆ ಹತ್ತು ವರ್ಷದ ದುಡಿಮೆ. ಏಳೆಂಟು ವರ್ಷ ದುಡಿದು ಊರಿಗೆ ಮರಳಿದವರ ದುಡ್ಡು ಇಲ್ಲೇ ಉಳಿಯುತ್ತದೆ. ಜರ್ಮನಿ, ಬೆಲ್ಜಿಯಂ, ಜಪಾನ್ ಜೊತೆ ಭಾರತ ಇದಕ್ಕೆ ಒಪ್ಪಂದ ಮಾಡಿಕೊಂಡಿದೆ. ಅಮೆರಿಕದ ಜೊತೆ ಮಾತ್ರ ಆಗಿಲ್ಲ. ಇದನ್ನು ಪಾರ್ಲಿಮೆಂಟಿನಲ್ಲಿ ಗಟ್ಟಿಯಾಗಿ ಕೇಳುವವರು ಬೇಕು.

ಪತ್ರಿಕೆಗೆ ನನ್ನ ಕೋರಿಕೆ ಚಿಕ್ಕದು. ಕಂಪನಿಗಳು ಡಬ್ಲ್ಯು-2 ಕೊಡಲು ಜನವರಿ 31 ಕೊನೆಯ ದಿನ, ರಿಟರ್ನ್‌ಗೆ ಏಪ್ರಿಲ್ 15. ನಡುವಿನ ಫೆಬ್ರವರಿಯಲ್ಲಿ ಒಂದು ಅರ್ಧ ಪುಟ ಇದಕ್ಕೆ ಕೊಡಿ. ಸಂಬಳವೇ ಇಲ್ಲದ ವಿದ್ಯಾರ್ಥಿಯೂ, ಜೊತೆಗೆ ಎಫ್-2ನಲ್ಲಿ ಬಂದ ಹೆಂಡತಿಯೂ ಇಲ್ಲಿರುವ ದಿನಗಳನ್ನು ಎಣಿಸಬಾರದು ಅಂತ ತಿಳಿಸುವ 8843 ಫಾರಂ ಜೂನ್ 15ರೊಳಗೆ ಕಳಿಸಬೇಕು ಅನ್ನುವುದನ್ನೂ ಅದರಲ್ಲಿ ಸೇರಿಸಿ. ಬರೆಯುವವರು ಸಿಗದಿದ್ದರೆ ನಾನೇ ಬರೆದುಕೊಡುತ್ತೇನೆ.

ಕೆಲಸದಲ್ಲಿರುವುದರಿಂದ ಹೆಸರು ಹಾಕಬೇಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಪೆನ್ಸಿಲ್ವೇನಿಯಾ, ಅಮೆರಿಕ